ಬಿಸಿ ಕೈ, ತಣ್ಣನೆ ಮದ್ದು

ಕಂಡಿಕೆಗೆ ನೂಲು ಸುತ್ತುವಾಗ ನಾನೂ ಲೋಲಾನೂ ಮಾತಾಡುವುದಿಲ್ಲ. ಲೋಲಾ ಎಂದರೆ ನಮ್ಮಲ್ಲಿ ಅಜ್ಜಿ. ಹಳೆಯ ಸೈಕಲ್ ಚಕ್ರದಿಂದ ಮಾಡಿದ ರಾಟೆಯನ್ನು ನಾನು ತಿರುಗಿಸುತ್ತೇನೆ. ಅವಳು ಎದುರಿಗೆ ಬಿದಿರಿನ ಮಣೆಯ ಮೇಲೆ ಕೂತು, ಲಡಿಯ ಎಳೆ ಸಿಕ್ಕಾಗದಂತೆ ಎರಡು ಬೆರಳಿನ ನಡುವೆ ಬಿಡುತ್ತಾಳೆ. ಆ ಶುಕ್ರವಾರ ಮಧ್ಯಾಹ್ನದ ನೂಲು ಕೆಂಪು. ರಾಟೆಯ ಹಿಡಿಯನ್ನು ಮುಷ್ಟಿ ಕಟ್ಟಿ ಹಿಡಿಯಲು ನನಗೆ ಆಗುತ್ತಿರಲಿಲ್ಲ. ಅಂಗೈಯ ಬುಡದಿಂದ ತಳ್ಳುತ್ತಿದ್ದೆ. ಲೋಲಾ ಅದನ್ನು ನೋಡಿದಳು. ನೋಡಿದ್ದು ನನಗೆ ಗೊತ್ತಾಯಿತೆಂದು ತಿಳಿದು ಲಡಿಯ ಕಡೆ ಕಣ್ಣು ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ಎದ್ದು, ಎಳೆಯ ತುದಿಯನ್ನು ಮೊಳೆಗೆ ಸುತ್ತಿ, ಅನ್ನಕ್ಕೆ ಇಡಲು ಒಳಗೆ ಹೋದಳು.

ದೇವರ ಮೇಜಿನ ಮೇಲೆ, ಬಾಲ ಯೇಸುವಿನ ಪಕ್ಕದಲ್ಲಿ, ನನ್ನ ಮದ್ದಿನ ಪೆನ್ನು, ಪೆನ್ನಿನಂತೆಯೇ ಕಾಣುವ ಸೂಜಿ, ಇತ್ತು. ಫ್ರಿಜ್ಜಿನಿಂದ ತಂದು ಆಗಷ್ಟೇ ಇಟ್ಟಿದ್ದೆ. ಅರ್ಧ ಗಂಟೆ ಬಿಟ್ಟು ತೊಡೆಗೆ ಚುಚ್ಚಿಕೊಳ್ಳಬೇಕಿತ್ತು. ಆಸ್ಪತ್ರೆಗೆ ಮತ್ತೆ ಹೋಗಿ ತೋರಿಸುವ ಮೊದಲು ಅದೇ ಕೊನೆಯದು. ನನಗೆ ಒಂದೇ ಒಂದು ವಿಷಯ ಗೊತ್ತಾಗಬೇಕಿತ್ತು: ಈ ಮದ್ದು ನನಗೆ ಹಿಡಿಯುತ್ತಿದೆಯೋ ಇಲ್ಲವೋ. ಹಿಡಿದರೆ ಕೈ ಬರುತ್ತದೆ, ಕೈ ಬಂದರೆ ಮಗ್ಗ ಬರುತ್ತದೆ. ಹಿಡಿಯದಿದ್ದರೆ ಏನು ಎಂದು ಯಾರೂ ಹೇಳಿರಲಿಲ್ಲ.

ಅಮ್ಮ ಕುವೈತಿನಲ್ಲಿ ಬೇರೆಯವರ ಮನೆಯ ಅಡಿಗೆಗೆ ಹೋದ ವರ್ಷವೇ ನಾನು ಶಾಲೆ ಬಿಟ್ಟೆ. ಬಿಟ್ಟಾಗ ದುಃಖವಾಗಲಿಲ್ಲ. ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ. ಮಗ್ಗದ ಮುಂದೆ ಯಾರೂ ಏನೂ ಕೇಳುವುದಿಲ್ಲ. ನೇಕಾರರ ಸಂಘದ ಶೆಡ್ಡಿನಲ್ಲಿ ಸಮುದ್ರದ ಕಡೆಯ ಕಿಟಕಿಗೆ ಅಂಟಿಕೊಂಡಿರುವ ಮಗ್ಗ ನನ್ನದು. ಅಲ್ಲಿ ಕೂತರೆ ಎಲ್ಲರ ಬೆನ್ನು ನನಗೆ ಕಾಣುತ್ತದೆ, ನನ್ನ ಬೆನ್ನು ಯಾರಿಗೂ ಕಾಣುವುದಿಲ್ಲ. ನನ್ನ ಕೈ ಕೆಟ್ಟ ಮೇಲೆ ಅಲ್ಲಿ ಸಂಘದ ಇನ್ನೊಬ್ಬ ಹುಡುಗಿ ರೊವೆನಾ ಕೂರುತ್ತಾಳೆ. ಸಂಘ ನೋಡಿಕೊಳ್ಳುವ ದೆಲಿಯಾ ಅಕ್ಕ, ನಮ್ಮ ಮಾತಿನಲ್ಲಿ ಮನಾಂಗ್ ದೆಲಿಯಾ, ಒಳ್ಳೆಯ ಮಾತಿನಲ್ಲೇ ಹೇಳಿದ್ದಳು: "ಮಗ್ಗ ಖಾಲಿ ಬಿಡೋಕಾಗಲ್ಲ ಇಂದೈ. ಆಸ್ಪತ್ರೆಯವರು ಏನಂತಾರೋ ಕೇಳ್ಕೊಂಡು ಬಾ. ಕೈ ಬರತ್ತೆ ಅಂದ್ರೆ ರೊವೆನಾನ ಎಬ್ಬಿಸ್ತೀನಿ. ಇಲ್ಲಾಂದ್ರೆ ನೀನು ಕಂಡಿಕೆ ಸುತ್ಕೊಂಡಿರು, ಅದೂ ಕೆಲಸಾನೇ." ನಮ್ಮ ಕಡೆ ಹುಡುಗಿಯರನ್ನೆಲ್ಲ ಇಂದೈ ಎನ್ನುತ್ತಾರೆ. ಜೊನಾಲಿನ್ ಎಂಬ ನನ್ನ ಹೆಸರನ್ನು ಆಸ್ಪತ್ರೆಯಲ್ಲಿ ಮಾತ್ರ ಕೂಗುತ್ತಾರೆ.

ಮೊದಲು ಬೆರಳ ಗೆಣ್ಣುಗಳು ಬೆಳಗಿನ ಹೊತ್ತು ಊದಿಕೊಳ್ಳುತ್ತಿದ್ದವು. ಹಲ್ಲುಜ್ಜುವ ಬ್ರಷ್ಷು ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಲೋಲಾ ನನ್ನ ಕೈ ಹಿಡಿದು, ಮಣಿಕಟ್ಟಿನಿಂದ ಬೆರಳ ತುದಿವರೆಗೆ ಒತ್ತಿ ನೋಡಿ, "ಪಸ್ಮಾ" ಎಂದಳು. ಊರಿಗೆಲ್ಲ ಅವಳು ಲೋಲಾ ಪಸಿಂಗ್, ಅವಳು ಹೇಳಿದರೆ ಮುಗಿಯಿತು. ಉಳುಕು, ಮೂಳೆ ಜಾರಿದ್ದು, ಹೆರಿಗೆಯಾದವರ ಸೊಂಟ, ಎಲ್ಲದಕ್ಕೂ ಊರಿನವರು ಅವಳ ಕೈಯನ್ನೇ ನಂಬಿದ್ದಾರೆ. ದುಡಿದು ಬಿಸಿಯಾದ ಕೈಯನ್ನು ತಣ್ಣೀರಿಗೆ ಇಟ್ಟರೆ ನರಗಳು ಬೆದರಿ ಒಳಗೇ ಮುದುಡಿಕೊಳ್ಳುತ್ತವೆ, ಅದೇ ಪಸ್ಮಾ. ಇಸ್ತ್ರಿ ಮಾಡಿದವಳು ಸಂಜೆವರೆಗೆ ಕೈ ತೊಳೆಯುವುದಿಲ್ಲ. ನೇಯ್ದವಳು ಮಗ್ಗದಿಂದ ಎದ್ದು ನೇರವಾಗಿ ನಲ್ಲಿಗೆ ಹೋಗುವುದಿಲ್ಲ. ನಾನು ಹೋಗಿದ್ದೆನೇ? ಬೇಸಿಗೆಯಲ್ಲಿ ಎಂದೋ ಒಮ್ಮೆ ಮುಖ ತೊಳೆದಿರಬಹುದು. ಲೋಲಾ ಕೇಳಿದಾಗ ಹೌದು ಎಂದುಬಿಟ್ಟೆ.

ಕೊಬ್ಬರಿ ಎಣ್ಣೆಗೆ ಶುಂಠಿ ಜಜ್ಜಿ ಹಾಕಿ, ಆ ಬಾಟಲಿಯನ್ನು ಅನ್ನದ ಪಾತ್ರೆಯ ಮುಚ್ಚಳದ ಮೇಲಿಟ್ಟು ಬೆಚ್ಚಗೆ ಮಾಡಿ ದಿನಾ ಸಂಜೆ ನೀವುತ್ತಿದ್ದಳು. ನೀವಿದಾಗ ಹಾಯೆನಿಸುತ್ತಿತ್ತು. ಬೆಳಗಾದರೆ ಮತ್ತೆ ಅದೇ ಕೈ. ಮುಂದೆ ಮೊಣಕಾಲಿಗೂ ಬಂತು. ಆಗ ಇಲೋಯ್ಲೊ ಪಟ್ಟಣದ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರ್ ಪಲ್ಮಾರೆಸ್ ರಕ್ತ ನೋಡಿ, ಇದು ಸಂಧಿವಾತ, ವಯಸ್ಸಾದವರಿಗೆ ಬರುವ ಬಗೆಯದಲ್ಲ, ಮೈಯೇ ತನ್ನ ಕೀಲುಗಳ ಮೇಲೆ ತಾನೇ ಜಗಳಕ್ಕೆ ಬಿದ್ದಿದೆ ಎಂದರು.

ಬಸ್ಸಿನಲ್ಲಿ ಬರುವಾಗ ಲೋಲಾಗೆ ಅದನ್ನು ಹೇಳಿದೆ.

"ತನ್ನ ಮೈನ ತಾನೇ ಯಾಕೆ ಹೊಡ್ಕೊಳತ್ತೆ?" ಎಂದಳು. "ತಲೆ ಕೆಟ್ಟಿದ್ಯಾ ಅದಕ್ಕೆ?"

"ಡಾಕ್ಟ್ರು ಹಾಗಂದ್ರು."

"ಅವ್ರ ಕೈ ಮುಟ್ಟಿದ್ದೆ ನಾನು, ಬರ್ತಾ ಬಾಗಿಲಲ್ಲಿ. ಐಸ್ ಆಗಿತ್ತು. ಆ ರೂಮಲ್ಲಿ ಎ.ಸಿ. ಹಾಕ್ಕೊಂಡು ಕೂತವ್ರಿಗೆ ಪಸ್ಮಾ ಎಲ್ಲಿಂದ ಗೊತ್ತಾಗ್ಬೇಕು."

ಮಾತ್ರೆ ಕೊಟ್ಟರು. ಮಾತ್ರೆಗೆ ಹೊಟ್ಟೆ ತೊಳಸುತ್ತಿತ್ತು, ಊತ ಅರೆಬರೆ ಇಳಿಯುತ್ತಿತ್ತು. ಕೊನೆಗೆ ಡಾಕ್ಟರ್ ಯಾವುದೋ ಯೋಜನೆಗೆ ನನ್ನ ಹೆಸರು ಸೇರಿಸಿದರು. ಎರಡು ವಾರಕ್ಕೊಂದು ಸೂಜಿಮದ್ದು, ನಾನೇ ಹಾಕಿಕೊಳ್ಳುವಂಥದ್ದು, ಕೆಲವು ಪೆನ್ನು ಬಿಟ್ಟಿ. ಗುಣ ಕಂಡರೆ ಮುಂದೆಯೂ ಕೊಡುತ್ತಾರೆ. ಕಾಣದಿದ್ದರೆ ಸರದಿಯಲ್ಲಿ ಕಾಯುತ್ತಿರುವ ಇನ್ನೊಬ್ಬರಿಗೆ ಹೋಗುತ್ತದೆ.

ಮೊದಲನೆಯದನ್ನು ಆಸ್ಪತ್ರೆಯಲ್ಲೇ ಹಾಕಿಕೊಂಡೆ. ಒಬ್ಬರನ್ನೇ ಒಳಗೆ ಬಿಡುತ್ತಿದ್ದರಿಂದ ಲೋಲಾ ಹೊರಗೆ ಬೆಂಚಿನ ಮೇಲೆ ಇದ್ದಳು. ನರ್ಸ್ ಲೂರ್ದೆಸ್ ಮೊದಲು ಒಂದು ಸ್ಪಂಜಿನ ಮೇಲೆ ಕಲಿಸಿದರು. ಮುಚ್ಚಳ ಎಳೆ, ತೊಡೆಗೆ ನೇರ ಒತ್ತು, ಟಿಕ್ ಅನ್ನುತ್ತೆ, ಎತ್ತಬೇಡ, ಇನ್ನೊಂದು ಟಿಕ್ ಬರೋವರೆಗೂ ಹಾಗೇ ಇರು. "ತಣ್ಣಗಿದ್ರೆ ಉರಿಯುತ್ತೆ. ಫ್ರಿಜ್ಜಿಂದ ತೆಗೆದು ಮೇಜಿನ ಮೇಲೆ ಅರ್ಧ ಗಂಟೆ ಸುಮ್ನೆ ಬಿಡು. ಬಿಸಿಲಲ್ಲಿ ಬೇಡ, ಬಿಸಿನೀರಲ್ಲಿ ಬೇಡ. ಅದಕ್ಕೆ ಬಿಸಿ ಆಗಲ್ಲ, ಕೆಟ್ಟು ಹೋಗುತ್ತೆ. ಗೊತ್ತಾಯ್ತಾ?" ನಾನು ತಲೆಯಾಡಿಸಿದೆ. ಆಮೇಲೆ ಹಾಕಿಕೊಂಡೆ. ಉರಿಯಿತು, ಇರುವೆ ಕಚ್ಚಿದ ಹಾಗೆ. ಎರಡನೆಯ ಟಿಕ್ ಬಂದಾಗ ನರ್ಸ್ ನನ್ನ ಭುಜ ತಟ್ಟಿ, "ನೋಡು, ನಿನಗಿಂತ ಜಾಸ್ತಿ ನಾನೇ ಉಸಿರು ಹಿಡ್ಕೊಂಡಿದ್ದೆ" ಎಂದರು.

ವಾಪಸ್ ಬರುವ ಬಸ್ಸಿನಲ್ಲಿ ಲೋಲಾಗೆ ಎಲ್ಲವನ್ನೂ ಹೇಳಿದೆ. ತಣ್ಣಗಿದ್ದರೆ ಉರಿಯುತ್ತದಂತೆ, ಹೊರಗಿಟ್ಟು ಹಾಕಿಕೊಳ್ಳಬೇಕಂತೆ ಎಂದದ್ದು ನೆನಪಿದೆ. ಬಿಸಿ ಮಾಡಬಾರದು ಎಂದೂ ಹೇಳಿದೆನೋ, ಹೇಳಿದೆ ಎಂದುಕೊಂಡೆನೋ, ಈಗ ಎಷ್ಟು ಯೋಚಿಸಿದರೂ ತಿಳಿಯುವುದಿಲ್ಲ. ಬಸ್ಸಿನ ಸದ್ದು ಜೋರಿತ್ತು.

ಆ ಮೊದಲ ಮದ್ದು ಹಾಕಿದ ಮೇಲಿನ ದಿನಗಳು ಚೆನ್ನಾಗಿದ್ದವು. ಒಂದು ಬೆಳಗ್ಗೆ ಎದ್ದವಳು ಯೋಚಿಸದೆ ಕೂದಲು ಹೆಣೆದುಕೊಂಡೆ. ಹೆಣೆದು ಮುಗಿದ ಮೇಲೆ ಕೈಗಳನ್ನು ನೋಡಿದೆ. ಸಂಘದ ಶೆಡ್ಡಿಗೆ ಹೋಗಿ ರೊವೆನಾ ಊಟಕ್ಕೆ ಎದ್ದಾಗ ನನ್ನ ಮಗ್ಗದಲ್ಲಿ ಕೂತು ಒಂದು ಗೇಣು ನೇಯ್ದೆ. ಹಣಿಗೆ ಎಳೆದಾಗ ಗೆಣ್ಣು ಚುಚ್ಚಲಿಲ್ಲ. ಲೋಲಾಗೆ ಹೇಳಿದರೆ ಅವಳು ನನ್ನ ಕೈ ಹಿಡಿದು, "ಶುಂಠಿ ಜಾಸ್ತಿ ಹಾಕಿದ್ದೆ ಈ ಸಲ" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಉಳಿದ ಪೆನ್ನುಗಳಿಗೆ ಫ್ರಿಜ್ಜು ಬೇಕಿತ್ತು. ನಮ್ಮ ಮನೆಯಲ್ಲಿ ಇಲ್ಲ. ಮೂಲೆಯ ಅಂಗಡಿಯ ಮನಾಂಗ್ ಬೆಬಿಂಗ್ ಊರಿಗೆಲ್ಲ ಅಕ್ಕ. ಅವಳ ಫ್ರಿಜ್ಜಿನಲ್ಲಿ ಐಸ್‌ಕ್ಯಾಂಡಿ, ಸಾಸೇಜು, ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿ ಕಡುಬು ಎಲ್ಲ ಇರುತ್ತವೆ. ಪೆನ್ನಿನ ಪೆಟ್ಟಿಗೆಯನ್ನು ಅವಳು ಕಡುಬಿನ ತಟ್ಟೆಯ ಪಕ್ಕ ಇಟ್ಟುಕೊಂಡಳು. ಯಾರಾದರೂ ಬಾಗಿಲು ತೆಗೆದು ಅದೇನೆಂದು ಕೇಳಿದರೆ, "ಮುಟ್ಬೇಡ, ಅದು ಇಂದೈಯ ಕೈ" ಎನ್ನುತ್ತಿದ್ದಳು. ಅಂಗಡಿಗೆ ಬಂದವರೆಲ್ಲ ನನ್ನ ಕೈ ಫ್ರಿಜ್ಜಿನಲ್ಲಿದೆ ಎಂದು ನಗುತ್ತಿದ್ದರು. ನಾಚಿಕೆಯಿಂದ ನಾನು ಹಿಂದಿನ ಬಾಗಿಲಿಂದ ಹೋಗುತ್ತಿದ್ದೆ.

ಮನೆಯಲ್ಲಿ ಹಾಕಿಕೊಂಡ ಮೊದಲನೆಯದು ಉರಿಯಲಿಲ್ಲ. ಅಭ್ಯಾಸವಾಯಿತೆಂದುಕೊಂಡೆ. ಆದರೆ ಆ ವಾರ ಕೈ ಬಿಚ್ಚಿಕೊಳ್ಳಲಿಲ್ಲ. ಅದರ ಮುಂದಿನದೂ ಉರಿಯಲಿಲ್ಲ, ಊತ ಮೊದಲಿನಂತೆಯೇ ಮಣಿಕಟ್ಟಿಗೆ ಬಂದು ಕೂತಿತು. ಏನು ತಪ್ಪಿತು? ಎರಡನೆಯ ಟಿಕ್ ಬರುವ ಮೊದಲೇ ಎತ್ತಿದೆನೇ? ತೊಡೆಯ ಮೇಲೆ ಒಂದು ಹನಿ ಉಳಿದಿತ್ತು. ಅದು ಮದ್ದೋ ಬೆವರೋ? ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಬೆಬಿಂಗ್ ಸುತ್ತ ಐಸ್ ತುಂಬಿದ್ದಳಂತೆ. "ತಪ್ಪನ್ನ ನನ್ನ ಫ್ರಿಜ್ಜಿನ ಮೇಲೆ ಮಾತ್ರ ಹಾಕ್ಬೇಡ ಕಣೇ" ಎಂದಳು, ನಾನು ಏನೂ ಹೇಳುವ ಮುಂಚೆಯೇ. "ಮಗು ಥರ ನೋಡ್ಕೊಂಡಿದೀನಿ. ಕಡುಬನ್ನಾದ್ರೂ ಮರೆತಿದೀನಿ, ಅದನ್ನ ಮರೆತಿಲ್ಲ. ನೀನು ಶುಕ್ರವಾರ ಶುಕ್ರವಾರ ಹೆಸರುಕಾಳು ತಿಂತೀಯಲ್ಲ, ಅದನ್ನ ಬಿಡು ಮೊದ್ಲು. ವಾತಕ್ಕೆ ಹೆಸರುಕಾಳು ವಿಷ."

ಶುಕ್ರವಾರ ಹೆಸರುಕಾಳು ಬೇಯದ ಮನೆ ನಮ್ಮೂರಲ್ಲಿ ಇಲ್ಲ. ನನ್ನ ಮದ್ದಿನ ದಿನವೂ ಶುಕ್ರವಾರವೇ. ಕಾಳು ಬಿಟ್ಟೆ. ರೊವೆನಾ ಬದನೆಕಾಯಿ ಎಂದಳು, ಅದನ್ನೂ ಬಿಟ್ಟೆ. ಮನಾಂಗ್ ದೆಲಿಯಾ, ಚುಚ್ಚಿಕೊಂಡ ದಿನ ತಲೆಗೆ ಸ್ನಾನ ಮಾಡಬೇಡ ಎಂದಳು. ಯಾರ ಮಾತು ಕೇಳಿದ್ದರಿಂದ ಏನಾಯಿತು, ಯಾರ ಮಾತು ಕೇಳದಿದ್ದುದರಿಂದ ಏನಾಗಲಿಲ್ಲ ಎಂದು ಲೆಕ್ಕ ಹಿಡಿಯಲು ಹೋದರೆ ತಲೆಯಲ್ಲಿ ಎಳೆಗಳು ಸಿಕ್ಕಾಗುತ್ತಿದ್ದವು. ನೂಲಾದರೆ ಕತ್ತರಿಸಿ ಗಂಟು ಹಾಕಬಹುದು.

ಒಂದು ಮಾತ್ರ ಗಮನಿಸಿದ್ದೆ. ಪೆನ್ನಿಗೆ ಬಾಳೆಲೆಯ ವಾಸನೆ ಇರುತ್ತಿತ್ತು. ಬೆಬಿಂಗಳ ಕಡುಬಿನದು ಎಂದುಕೊಂಡಿದ್ದೆ.

ಆ ಶುಕ್ರವಾರ ಕೆಂಪು ನೂಲು ನಾನು ಎಣಿಸಿದ್ದಕ್ಕಿಂತ ಬೇಗ ಮುಗಿಯಿತು. ಲಡಿಯ ತಳದಲ್ಲಿ ಹುಳ ತಿಂದಿತ್ತು. ಇನ್ನೊಂದು ಲಡಿ ತರಲು ಒಳಗೆ ಹೋದೆ. ದೇವರ ಮೇಜಿನ ಮೇಲೆ ಬಾಲ ಯೇಸು ಒಬ್ಬನೇ ಇದ್ದ.

ಅಡಿಗೆಮನೆಯಲ್ಲಿ ಲೋಲಾ ಒಲೆಯ ಮುಂದೆ ನಿಂತಿದ್ದಳು. ಕೊಳ್ಳಿಗಳನ್ನು ಹೊರಗೆಳೆದು, ಅನ್ನ ಅರಳಲು ಬಿಟ್ಟಿದ್ದಳು. ಪಾತ್ರೆಯ ಮುಚ್ಚಳದ ಮೇಲೆ ಮಡಿಸಿದ ಟವೆಲು. ಟವೆಲಿನ ಮೇಲೆ ಎಣ್ಣೆಯ ಬಾಟಲಿ. ಬಾಟಲಿಯ ಪಕ್ಕದಲ್ಲಿ ಬಾಳೆಲೆಯ ಒಂದು ಉದ್ದನೆಯ ಪೊಟ್ಟಣ, ನಾರಿನಿಂದ ಕಟ್ಟಿದ್ದು. ಅವಳು ಅದನ್ನು ತಿರುಗಿಸಿ ಇನ್ನೊಂದು ಮಗ್ಗುಲಿಗೆ ಇಟ್ಟಳು, ಮೀನು ಸುಡುವಾಗ ತಿರುಗಿಸುವ ಹಾಗೆ ಅಲ್ಲ, ಮಲಗಿದ ಕೂಸನ್ನು ತಿರುಗಿಸುವ ಹಾಗೆ.

"ಲೋಲಾ."

ಅವಳು ಬೆಚ್ಚಲಿಲ್ಲ. "ನೂಲು ಮುಗೀತಾ?"

"ಅದೇನದು?"

"ಇನ್ನೇನು. ನಿನ್ನ ಮದ್ದು." ನಾರು ಬಿಚ್ಚಿ ಎಲೆ ತೆರೆದು ತೋರಿಸಿದಳು. ಪೆನ್ನು ಬೆವರಿತ್ತು. "ತಣ್ಣಗಿದ್ರೆ ಉರಿಯತ್ತೆ ಅಂದೆಯಲ್ಲ. ಅರ್ಧ ಗಂಟೆ ಹೊರಗಿಟ್ರೆ ಮೇಲಿನ ತಣ್ಪು ಹೋಗತ್ತೆ ಅಷ್ಟೇ, ಒಳಗಿನದು ಹೋಗಲ್ಲ. ಬೆಳಿಗ್ಗೆಯಿಂದ ರಾಟೆ ತಿರುಗಿಸಿದ ಮೈ ನಿಂದು. ಆ ಬಿಸಿ ರಕ್ತಕ್ಕೆ ಐಸ್ ಪೆಟ್ಟಿಗೇಲಿಟ್ಟಿದ್ದನ್ನ ಹಾಗೇ ಚುಚ್ಚಿದ್ರೆ ಏನಾಗತ್ತೆ? ಇರೋ ಪಸ್ಮಾ ಎದೆಗೆ ಹೋಗತ್ತೆ."

"ಎಲ್ಲದಕ್ಕೂ ಹೀಗೇ ಮಾಡಿದ್ಯಾ?"

"ಮನೇಲಿ ಹಾಕ್ಕೊಂಡಿದ್ದಕ್ಕೆಲ್ಲ. ಉರೀತಾ ಹೇಳು."

"ಇಲ್ಲ."

"ಮತ್ತೆ."

ನರ್ಸ್ ಹೇಳಿದ್ದು ನನ್ನ ಬಾಯಿಗೆ ಬಂತು. ಬಂದದ್ದು ಅರ್ಧ. "ಬಿಸಿ ಮಾಡ್ಬಾರ್ದಂತೆ ಲೋಲಾ. ಕೆಟ್ಟೋಗತ್ತಂತೆ."

"ಬಿಸಿ ಎಲ್ಲಿ ಮಾಡಿದೀನಿ? ಬೆಂಕಿ ಮೇಲೆ ಇಟ್ನಾ? ಎಲೆ ಇದೆ, ಟವೆಲಿದೆ, ಮುಚ್ಚಳ ಇದೆ. ಬೆಚ್ಚಗೆ ಮಾಡಿದೀನಿ." ಅವಳು ಪೆನ್ನನ್ನು ತನ್ನ ಕೆನ್ನೆಗೆ ಇಟ್ಟುಕೊಂಡು ನೋಡಿ, ನನ್ನ ಕೆನ್ನೆಗೆ ಇಟ್ಟಳು. ಅದು ಅವಳ ಅಂಗೈಯಷ್ಟೇ ಬೆಚ್ಚಗಿತ್ತು. ಅದಕ್ಕಿಂತ ಹೆಚ್ಚಿಲ್ಲ. ಅಥವಾ ಸ್ವಲ್ಪ ಹೆಚ್ಚೇ. ಮೊದಲು ಎಷ್ಟು ಕಾದಿತ್ತು, ಈಗ ಎಷ್ಟು ಆರಿದೆ, ಹೇಗೆ ತಿಳಿಯುವುದು?

"ನರ್ಸ್ ಬೇಡ ಅಂದಿದ್ರು," ಎಂದೆ.

"ನರ್ಸು ಬೆಳಿಗ್ಗೆ ಬಂದು ನಿನ್ನ ಬೆರಳು ಬಿಡಿಸ್ತಾಳಾ?" ಅವಳು ದನಿ ಎತ್ತಲಿಲ್ಲ. "ಬಿಡಿಸೋಳು ನಾನು. ಹಾಕ್ಕೋ, ಆರತ್ತೆ."

ಬೇರೆ ಪೆನ್ನು ಇರಲಿಲ್ಲ. ಬಿಸಾಡಿದರೆ ಏನೂ ಹಾಕಿಕೊಳ್ಳದೆ ಆಸ್ಪತ್ರೆಗೆ ಹೋಗಬೇಕು. ಹಾಕಿಕೊಂಡರೆ ಕೆಟ್ಟದ್ದೋ ಒಳ್ಳೆಯದೋ ಮೈಗೆ ಹೋಗುತ್ತದೆ. ಪೆನ್ನಿನ ಪುಟ್ಟ ಗಾಜುಕಿಟಕಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಮದ್ದು ತಿಳಿಯಾಗಿಯೇ ಕಂಡಿತು. ಅಂಚಿನಲ್ಲಿ ಮಬ್ಬು ಇತ್ತು. ಅದು ಹಬೆಯೂ ಇರಬಹುದು. ನರ್ಸ್ ನಂಬರು ಫೋನಿನಲ್ಲಿತ್ತು. ಫೋನ್ ಮಾಡಿ ಏನೆಂದು ಹೇಳುವುದು? ಅನ್ನದ ಪಾತ್ರೆ ಎಂದು ಹೇಳಬೇಕು. ಆ ಮಾತು ಆ ಬಿಳಿ ಕೋಣೆಯಲ್ಲಿ ಕೇಳಿಸಿದರೆ ನಗುತ್ತಾರೆ. ಲೋಲಾ ಎದುರಿಗೇ ನಿಂತಿದ್ದಳು. ತೊಡೆ ಒರೆಸಿಕೊಂಡು ಒತ್ತಿದೆ. ಟಿಕ್ ಎಂದಿತು. ಎರಡನೆಯ ಟಿಕ್ ಬಂದ ಮೇಲೂ ಎತ್ತದೆ ಬಹಳ ಹೊತ್ತು ಹಾಗೇ ಹಿಡಿದಿದ್ದೆ.

ಉರಿಯಲಿಲ್ಲ.

"ನೋಡಿದ್ಯಾ," ಎಂದಳು ಲೋಲಾ.

ನಾನು ಪೆನ್ನಿಗೆ ಮುಚ್ಚಳ ಹುಡುಕುತ್ತ, ತಲೆ ತಗ್ಗಿಸಿಕೊಂಡೇ ಹೇಳಿದೆ: "ಅದಕ್ಕೇ ಹಿಡೀಲಿಲ್ವೋ ಏನೋ."

ಹೇಳಬಾರದಿತ್ತೇನೋ. ಅವಳು ಬಾಳೆಲೆಯನ್ನು ಮಡಿಸಿದಳು, ಇನ್ನೂ ಚಿಕ್ಕದಾಗಿ ಮಡಿಸಿದಳು. "ಹಾಗಾದ್ರೆ ನಿನ್ನ ನೋವು ನನ್ನಿಂದ ಅಂತೀಯ."

"ಹಾಗಲ್ಲ ಲೋಲಾ."

"ಹಾಗಲ್ಲ ಅಂದ್ರೆ ಹೇಗೆ?"

ಅವಳು ಎಣ್ಣೆಯ ಬಾಟಲಿ ತೆಗೆದು ಗೂಡಿನಲ್ಲಿಟ್ಟಳು. ಆ ಸಂಜೆ ನನ್ನ ಕೈ ನೀವಲಿಲ್ಲ.

ಮರುದಿನ ಬೆಳಗ್ಗೆ ಕೈ ಬಿಚ್ಚಿಕೊಂಡಿತ್ತು. ಚೆನ್ನಾಗಿಯೇ. ಲೋಟ ಹಿಡಿದೆ, ನೀರು ಚೆಲ್ಲಲಿಲ್ಲ. ಮದ್ದು ಕೆಟ್ಟಿರಲಿಲ್ಲ ಹಾಗಾದರೆ! ಓಡಿಹೋಗಿ ಹೇಳಬೇಕೆನಿಸಿತು. ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟು ಮತ್ತೆ ಬಿಗಿಯಿತು. ಭಾನುವಾರ ಚರ್ಚಿನ ಪೂಜೆಯಲ್ಲಿ ಪ್ರಾರ್ಥನೆಗೆಂದು ಪಕ್ಕದವರ ಕೈ ಹಿಡಿಯುವಾಗ ಕಣ್ಣಲ್ಲಿ ನೀರು ಬಂತು. ಇದು ಮದ್ದು ಕೆಟ್ಟದ್ದಕ್ಕೋ, ಅಥವಾ ಲೋಲಾ ನೀವುವುದು ಬಿಟ್ಟದ್ದಕ್ಕೋ? ದಿನಾ ಸಂಜೆ ನೀವುತ್ತಿದ್ದಾಗ ಇಷ್ಟು ಬಿಗಿದಿರಲಿಲ್ಲ. ಮೊದಲ ಮದ್ದು ಹಿಡಿದಾಗಲೂ ಅವಳು ನೀವುತ್ತಿದ್ದಳು. ಶುಂಠಿ ಜಾಸ್ತಿ ಹಾಕಿದ್ದಳು. ಅವಳ ಮಾತೇ ನಿಜವಾಗಿದ್ದರೆ? ಎರಡನ್ನೂ ಬೇರೆ ಬೇರೆ ಮಾಡಿ ನೋಡುವ ದಾರಿ ನನಗೆ ಕಾಣಲಿಲ್ಲ. ನನಗಿರುವುದು ಒಂದೇ ಮೈ.

ಮನೆಯಲ್ಲಿ ಅವಳು ಊಟ ಬಡಿಸುತ್ತಿದ್ದಳು, ಎಳೆ ಬಿಡುತ್ತಿದ್ದಳು, ರೋಗಿಗಳು ಬಂದರೆ ಜಗಲಿಯಲ್ಲಿ ಕೂರಿಸಿ ನೀವಿ ಕಳಿಸುತ್ತಿದ್ದಳು. ನನ್ನ ಕೈ ಮಾತ್ರ ಮುಟ್ಟುತ್ತಿರಲಿಲ್ಲ. ಪಕ್ಕದ ಬೀದಿಯವಳೊಬ್ಬಳು, "ಮೊಮ್ಮಗಳ ಕೈ ಹೇಗಿದೆ ಲೋಲಾ ಪಸಿಂಗ್?" ಎಂದು ಕೇಳಿದಾಗ, "ಅದಕ್ಕೆ ದೊಡ್ಡ ಡಾಕ್ಟ್ರಿದಾರೆ" ಎಂದದ್ದು ನನಗೆ ಒಳಗಿನಿಂದ ಕೇಳಿಸಿತು.

ಆಸ್ಪತ್ರೆಯ ದಿನ ನಾನೊಬ್ಬಳೇ ಹೋಗುತ್ತೇನೆ ಎಂದುಕೊಂಡಿದ್ದೆ. ಬೆಳಗ್ಗೆ ನೋಡಿದರೆ ಲೋಲಾ ಹಬ್ಬಕ್ಕೆ ಉಡುವ ಚೌಕಳಿಯ ಲುಂಗಿ ಉಟ್ಟು, ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಆ ಲುಂಗಿ ನಾನು ನೇಯ್ದದ್ದು. ಬಸ್ಸಿನಲ್ಲಿ ಒಮ್ಮೆ, ಬ್ರೇಕು ಬಿದ್ದಾಗ, ನನ್ನ ಕೈ ಕಂಬಿಗೆ ತಾಗದಂತೆ ತನ್ನ ಕೈ ಅಡ್ಡ ಇಟ್ಟಳು.

ಆಸ್ಪತ್ರೆಯ ಬೆಂಚಿನಲ್ಲಿ ನಮ್ಮ ಪಕ್ಕ ಒಬ್ಬ ದಪ್ಪನೆಯ ಹೆಂಗಸು ಕೂತಿದ್ದಳು, ಭುಜ ಹಿಡಿದುಕೊಂಡಿದೆ ಎಂದು ಒರಲುತ್ತ. ಲೋಲಾ ಕೊಡೆಯನ್ನು ನನ್ನ ಮಡಿಲಿಗಿಟ್ಟು, "ಈ ಕಡೆ ತಿರುಗು ಇಂದೈ" ಎಂದಳು. ಹೆಂಗಸಿಗೆ ಐವತ್ತರ ಮೇಲಾಗಿತ್ತು, ಆದರೂ ತಿರುಗಿದಳು. ಲೋಲಾ ಹೆಬ್ಬೆರಳಿಟ್ಟು ಒತ್ತಿ, ತೋಳನ್ನು ಎತ್ತಿಸಿ ಇಳಿಸಿದಳು.

"ಅಯ್ಯೋ, ಬಿಡ್ತು," ಎಂದಳು ಹೆಂಗಸು.

ಸುತ್ತ ಕೂತವರು ನೋಡಿದರು. ಒಬ್ಬ ಮುದುಕ ಸಾಲಿನಿಂದ ಎದ್ದು ಬಂದು ತನ್ನ ಕತ್ತು ತೋರಿಸಿದ. ಇನ್ನೊಬ್ಬಳು, "ಇಷ್ಟು ದಿನ ಎಲ್ಲಿದ್ರಿ ಲೋಲಾ, ನಾವು ಸುಮ್ನೆ ಇಲ್ಲಿ ಬೆಂಚು ಸವೆಸ್ತಿದೀವಿ" ಎಂದಳು. ಎಲ್ಲರೂ ನಕ್ಕರು. ಭುಜದ ಹೆಂಗಸು ನನ್ನ ಕಡೆ ತಿರುಗಿ, "ಮೊಮ್ಮಗಳಾ? ಪುಣ್ಯ ಮಾಡಿದೀಯಮ್ಮ. ಮನೇಲೇ ಇಟ್ಕೊಂಡಿದೀಯ" ಎಂದಳು. ಲೋಲಾ ನನ್ನ ಕಡೆ ನೋಡಲಿಲ್ಲ. ಅಷ್ಟು ದಿನಗಳ ಮೇಲೆ ಅವಳ ಬೆನ್ನು ನೆಟ್ಟಗಾಗಿತ್ತು.

ಆಗಲೇ ನನ್ನ ಹೆಸರು ಕೂಗಿದರು. ಬಾಗಿಲಲ್ಲಿ ನಿಂತಿದ್ದ ನರ್ಸ್ ಲೂರ್ದೆಸ್ ಲೋಲಾಳನ್ನು ನೋಡಿ, "ಅಜ್ಜೀನೂ ಬರ್ಲಿ, ಇವತ್ತು ಕುರ್ಚಿ ಇದೆ" ಎಂದರು. ಬೇಡ ಎನ್ನುವಷ್ಟರಲ್ಲಿ ಲೋಲಾ ಎದ್ದಿದ್ದಳು.

ಡಾಕ್ಟರ್ ಪಲ್ಮಾರೆಸ್ ನನ್ನ ಕೈಗಳನ್ನು ಮೇಜಿನ ಮೇಲೆ ಇಡಿಸಿಕೊಂಡು, ಒಂದೊಂದು ಗೆಣ್ಣನ್ನೂ ಒತ್ತುತ್ತ ಹೋದರು. ಇಲ್ಲಿ ನೋವಾ? ಇಲ್ಲಿ? ಮುಷ್ಟಿ ಕಟ್ಟು. ಇನ್ನೂ ಬಿಗಿ. ಅಷ್ಟೇನಾ? ಅವರ ಕೈ ನಿಜಕ್ಕೂ ತಣ್ಣಗಿತ್ತು. ಲೋಲಾ ಪಕ್ಕದ ಕುರ್ಚಿಯಲ್ಲಿ ಕೂತು ಅವರ ಬೆರಳುಗಳನ್ನೇ ನೋಡುತ್ತಿದ್ದಳು, ಒಬ್ಬ ಕೆಲಸಗಾರ ಇನ್ನೊಬ್ಬ ಕೆಲಸಗಾರನನ್ನು ನೋಡುವ ಹಾಗೆ.

"ಮೊದಲನೇದು ಚೆನ್ನಾಗಿ ಹಿಡೀತು ಅಂತ ನೀನೇ ನರ್ಸ್ ಹತ್ರ ಬರೆಸಿದ್ದೆ," ಎಂದರು ಡಾಕ್ಟರ್.

"ಹೂಂ ಸರ್."

"ಆಮೇಲಿನದ್ದು ಹಿಡಿದಿಲ್ಲ."

"ಹೂಂ. ಮೊನ್ನೆ ಒಂದು ದಿನ ಹಿಡೀತು. ಅರ್ಧ ದಿನ."

"ಕೆಲವ್ರ ಮೈ ಹೀಗೆ ಮಾಡುತ್ತೆ. ಮೊದ್ಲು ಒಪ್ಕೊಂಡು ಆಮೇಲೆ ತಿರುಗಿ ಬೀಳುತ್ತೆ." ಅವರು ಪೆನ್ನು ತೆಗೆದುಕೊಂಡು ಬರೆಯಲು ಬಗ್ಗಿದರು. "ನಿನ್ನ ತಪ್ಪೇನಿಲ್ಲ, ಬೇಜಾರು ಮಾಡ್ಕೋಬೇಡ. ಹೀಗೇ ಇದ್ರೆ ಇದನ್ನ ನಿಲ್ಲಿಸ್ಬೇಕಾಗುತ್ತೆ ಜೊನಾಲಿನ್. ಕಾಯ್ತಿರೋರು ಬೇರೆಯವ್ರೂ ಇದಾರೆ. ಮಾತ್ರೆಗೇ ವಾಪಸ್ ಹೋಗೋಣ, ಇನ್ನೊಂದೇನಾದ್ರೂ ಬಂದಾಗ ನೋಡೋಣ."

ಸಮುದ್ರದ ಕಡೆಯ ಕಿಟಕಿ ನನ್ನ ಕಣ್ಣ ಮುಂದೆ ಬಂತು. ಅಲ್ಲಿ ರೊವೆನಾಳ ಬೆನ್ನು.

ಬರೆಯುವ ಮೊದಲು ಅವರು ತಲೆ ಎತ್ತಿದರು. "ಮದ್ದು ಸರಿಯಾಗಿ ಇಟ್ಟಿದ್ರಲ್ಲ? ಫ್ರಿಜ್ಜಲ್ಲೇ?"

"ಫ್ರಿಜ್ಜಲ್ಲೇ ಸರ್."

"ಚುಚ್ಕೊಳ್ಳೋ ಮುಂಚೆ ತೆಗೆದು ಹೊರಗೆ ಇಡ್ತಿದ್ದೆ? ಸುಮ್ನೆ ಮೇಜಿನ ಮೇಲೆ?"

ನಾನು ಬಾಯಿ ತೆರೆದೆ. ಮೇಜಿನ ಮೇಲೆ ಇಟ್ಟದ್ದು ಸುಳ್ಳಲ್ಲ. ನಾನು ಇಟ್ಟದ್ದು ಅಲ್ಲೇ. ಅಲ್ಲಿಂದ ಅದು ಎಲ್ಲಿಗೆ ಹೋಯಿತು, ಎಷ್ಟು ಹೊತ್ತು ಇತ್ತು, ಎಷ್ಟು ಬಿಸಿಯಾಗಿತ್ತು, ಇವು ನನಗೆ ಗೊತ್ತಿಲ್ಲ. ಗೊತ್ತಿರುವುದು ಒಬ್ಬಳಿಗೆ. ಕೆಟ್ಟಿತ್ತೋ ಇಲ್ಲವೋ ನನಗೆ ತಿಳಿಯದು, ಆದರೆ ಈ ಮನುಷ್ಯನಿಗೆ ತಿಳಿದೀತು, ಅವಳು ಹೇಳಿದರೆ. ಬಾಗಿಲು ಅರೆ ತೆರೆದಿತ್ತು. ಹೊರಗಿನ ಬೆಂಚಿನಲ್ಲಿ ಭುಜದ ಹೆಂಗಸು ತೋಳು ಎತ್ತಿ ಇಳಿಸಿ ಯಾರಿಗೋ ತೋರಿಸುತ್ತಿದ್ದಳು.

ಮೇಜಿನ ಕೆಳಗೆ, ಮಡಿಲಿಗೆ ಎಳೆದುಕೊಂಡಿದ್ದ ನನ್ನ ಎಡಗೈಗೆ ಏನೋ ತಾಗಿತು. ಲೋಲಾಳ ಕೈ. ಅವಳು ಡಾಕ್ಟರನ್ನೂ ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ಗೋಡೆಯ ಮೇಲಿನ ಮೂಳೆಗಳ ಚಿತ್ರ ನೋಡುತ್ತ, ಹೆಬ್ಬೆರಳಿನಿಂದ ನನ್ನ ಮಣಿಕಟ್ಟನ್ನು ಮೆಲ್ಲಗೆ ನೀವುತ್ತಿದ್ದಳು. ಎ.ಸಿ.ಯ ತಣ್ಪಿನಲ್ಲಿ ಆ ಹೆಬ್ಬೆರಳೊಂದೇ ಬೆಚ್ಚಗಿತ್ತು.

ಡಾಕ್ಟರ್ ಕಾಯುತ್ತಿದ್ದರು.

"ಲೋಲಾ," ಎಂದೆ, "ಅನ್ನದ ಪಾತ್ರೆ ಮೇಲೆ ಹೇಗೆ ಇಡ್ತಿದ್ದೆ ಅಂತ ಇವ್ರಿಗೆ ಸ್ವಲ್ಪ ಹೇಳು."